ಬುಕಾನನ್ ಬಟ್ಟೆಯ ಕೆಳ ಅಂಚು: ಒಂದು ಕಿಲ್ಟ್ ಹೊಲಿದ ಪ್ರಕರಣ

ಸ್ಕಾಟ್ಲೆಂಡ್‌ನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ನೆರಿಗೆಯ ಉಡುಪಾದ ಕಿಲ್ಟ್ ಹೊಲಿಯಲು ಕೈಗೆ ಬಂದ ಬಟ್ಟೆ ಇದು: ಉಣ್ಣೆ, 4 ಗಜ ಉದ್ದ, ಡಬಲ್ ಪನ್ನ, ಗಜಕ್ಕೆ 16 ಔನ್ಸ್ ತೂಕ, ಬುಕಾನನ್ ಟಾರ್ಟನ್, ಅಂದರೆ ಬುಕಾನನ್ ಮನೆತನದ ಹೆಸರಿನ ಚೌಕುಳಿ. ತೊಡುವವನು ಗ್ಲಾಸ್ಗೋದಲ್ಲಿ ಕೆಲಸದಲ್ಲಿರುವ ದಾವಣಗೆರೆಯ ಹುಡುಗ. ಮದುವೆ ಸ್ಟರ್ಲಿಂಗ್ ಹತ್ತಿರ. ಹುಡುಗಿಯ ತಾಯಿಯ ಮನೆತನ ಬುಕಾನನ್, ಬಟ್ಟೆ ಕೊಟ್ಟಿದ್ದು ಅವಳ ಸೋದರಮಾವ. ಮೊದಲೇ ನೇಯಿಸಿ ಮನೆಯಲ್ಲಿ ಇಟ್ಟಿದ್ದ ಬಟ್ಟೆಯಾದ್ದರಿಂದ ಅದೇ ಬಣ್ಣದ ತೊಟ್ಟಿಯದು ಇನ್ನೊಂದು ಗಜವೂ ಸಿಗುವಂತಿರಲಿಲ್ಲ. ಅಂದರೆ ಇರುವುದರಲ್ಲೇ ಆಗಬೇಕು.

ಹುಡುಗನ ಅಳತೆ: ಸೊಂಟ 34 ಇಂಚು, ಪೃಷ್ಠದ ಸುತ್ತಳತೆ 40 ಇಂಚು, ಸೊಂಟಪಟ್ಟಿಯಿಂದ ಮಂಡಿಚಿಪ್ಪಿನ ನಡುವಿನ ತನಕ 23.5 ಇಂಚು. ಇದರಲ್ಲಿ ಕಷ್ಟದ್ದೇನೂ ಇಲ್ಲ. ಕಷ್ಟ ಇದ್ದದ್ದು ಕೆಳಗಿನ ಅಂಚಿನಲ್ಲಿ. ಪ್ಯಾಂಟು, ಲಂಗ, ಚೂಡಿದಾರದ ಕೈ ಹೊಲಿಯುವವರಿಗೆ ಅಂಚು ಮಡಿಚುವುದು ಕಟ್ಟಕಡೆಯ ಕೆಲಸ. ಎಲ್ಲ ಮುಗಿದ ಮೇಲೆ ಉದ್ದ ನೋಡಿ ಮಡಿಚಿ ಹೆಮ್ಮಿಂಗ್ ಹಾಕಿದರಾಯಿತು. ಕಿಲ್ಟ್‌ನಲ್ಲಿ ಇದು ತಲೆಕೆಳಗು. ಕತ್ತರಿ ಎತ್ತುವ ಮೊದಲೇ ಕೆಳ ಅಂಚು ಯಾವುದು ಅನ್ನುವುದು ತೀರ್ಮಾನವಾಗಿರಬೇಕು. ಎಷ್ಟು ನೆರಿಗೆ, ಎಂಥ ನೆರಿಗೆ, ಬಟ್ಟೆಯನ್ನು ಸೀಳಬೇಕೋ ಬೇಡವೋ ಎಲ್ಲವೂ ಆಮೇಲಿನ ಮಾತು.

ಬಟ್ಟೆ ಅಡ್ಡ ತಿರುಗಿಸಿದಾಗ

ಕಿಲ್ಟ್ ಅನ್ನು ದೂರದಿಂದಷ್ಟೇ ಕಂಡವರಿಗಾಗಿ ಒಂದೆರಡು ಮಾತು. ಮುಂದೆ ಎರಡು ಚಪ್ಪಟೆ ಹಾಳೆ ಒಂದರ ಮೇಲೊಂದು ಬರುತ್ತವೆ, ಅವಕ್ಕೆ ಏಪ್ರನ್ ಅನ್ನುತ್ತಾರೆ. ಹಿಂದೆಲ್ಲ ನೆರಿಗೆ. ಬಟ್ಟೆಯನ್ನು ಉದ್ದುದ್ದ ಅಲ್ಲ, ಅಡ್ಡಡ್ಡ ಸುತ್ತುತ್ತಾರೆ. ಹೀಗಾಗಿ ಮಗ್ಗದ ಹಾಸು ನೂಲು ಸೊಂಟದ ಸುತ್ತ ಹರಿಯುತ್ತದೆ, ಹೊಕ್ಕು ನೂಲು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮಗ್ಗದಲ್ಲಿ ಬಟ್ಟೆಯ ಪಕ್ಕಕ್ಕಿದ್ದ ನೇಯ್ದ ಅಂಚು ಈಗ ಮೊಣಕಾಲ ಹತ್ತಿರ ಬಂದು ಕೂರುತ್ತದೆ. ಆ ಅಂಚು ಬಿಚ್ಚಿಕೊಳ್ಳುವುದಿಲ್ಲ, ಅದಕ್ಕೆ ಮಡಿಕೆಯೂ ಬೇಡ, ಹೊಲಿಗೆಯೂ ಬೇಡ. ಒಳ್ಳೆಯ ಕಿಲ್ಟ್‌ನ ಕೆಳಭಾಗದಲ್ಲಿ ಒಂದೇ ಒಂದು ಹೊಲಿಗೆ ಕಾಣುವುದಿಲ್ಲ ಅನ್ನುವುದಕ್ಕೆ ಕಾರಣ ಇಷ್ಟೇ.

ಹಳೆಯ ಮಗ್ಗಗಳ ಪನ್ನ ಚಿಕ್ಕದು, ಸುಮಾರು 27-28 ಇಂಚು. ಒಬ್ಬ ಮನುಷ್ಯನ ಸೊಂಟದಿಂದ ಮಂಡಿಗೆ ಅದು ಸಾಕು. 8 ಗಜ ತೆಗೆದುಕೊಂಡು ಸುತ್ತಿದರೆ ಕಿಲ್ಟ್ ಆಯಿತು, ಕೆಳಗೊಂದು ನೇಯ್ದ ಅಂಚು, ಮೇಲಿನದು ಸೊಂಟಪಟ್ಟಿಯೊಳಗೆ. ಈಗ ಹೆಚ್ಚಿನ ಗಿರಣಿಗಳು ನೇಯುವುದು 54ರಿಂದ 60 ಇಂಚಿನ ಡಬಲ್ ಪನ್ನ. ಅದನ್ನು 4 ಗಜ ಕೊಂಡು ನಡುವೆ ಉದ್ದಕ್ಕೆ ಸೀಳಿ, ಎರಡು ತುಂಡನ್ನೂ ಜೋಡಿಸಿ 8 ಗಜ ಮಾಡಿಕೊಳ್ಳುತ್ತಾರೆ. ಒಂದು ತುಂಡಿನ ನೇಯ್ದ ಅಂಚು ತಾನಾಗಿಯೇ ಕೆಳಗಿರುತ್ತದೆ. ಇನ್ನೊಂದರದು ಮೇಲಿರುತ್ತದೆ, ಆ ತುಂಡನ್ನು ಅರ್ಧ ಸುತ್ತು ತಿರುಗಿಸಿದರೆ ಅದೂ ಕೆಳಗೆ ಬರುತ್ತದೆ. ಜೋಡಣೆಯ ಹೊಲಿಗೆ ಒಂದು ನೆರಿಗೆಯ ಹೊಟ್ಟೆಯೊಳಗೆ ಅಡಗುತ್ತದೆ. ಬ್ಲ್ಯಾಕ್ ವಾಚ್, ರಾಯಲ್ ಸ್ಟೂವರ್ಟ್, ಗಾರ್ಡನ್ ಇಂಥ ಟಾರ್ಟನ್‌ಗಳಲ್ಲಿ ಈ ಉಪಾಯ ಸಲೀಸು.

ಬುಕಾನನ್‌ನಲ್ಲಿ ಅಲ್ಲ.

ತೊಡಕು ಎಲ್ಲಿ

ಬಹುಪಾಲು ಟಾರ್ಟನ್‌ಗಳ ಚೌಕುಳಿ ಒಂದು ಕಡೆ ಹೋಗಿ, ಒಂದು ಪಟ್ಟಿಯ ಬಳಿ ನಿಂತು, ಬಂದ ದಾರಿಯಲ್ಲೇ ವಾಪಸಾಗುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಪಟ್ಟಿಗಳ ಸಾಲು ಒಂದೇ. ಬುಕಾನನ್ ಹಾಗೆ ವಾಪಸಾಗುವುದಿಲ್ಲ. ಹಸಿರು, ಹಳದಿ, ಕೆಂಪು, ಕೆಂಪಿನ ನಡುವೆ ಬಿಳಿ ಗೆರೆ, ಹೀಗೆ ಒಂದೇ ದಿಕ್ಕಿಗೆ ಸಾಗಿ ಮತ್ತೆ ಮೊದಲಿಂದ ಶುರುವಾಗುತ್ತದೆ. ಸ್ಕಾಟ್ಲೆಂಡ್‌ನ ಪ್ರಸಿದ್ಧ ಟಾರ್ಟನ್‌ಗಳಲ್ಲಿ ಹೀಗೆ ಒಂದೇ ಕಡೆಗೆ ಓಡುವ ಚೌಕುಳಿ ಅಂದರೆ ಮೊದಲು ನೆನಪಿಗೆ ಬರುವ ಹೆಸರೇ ಇದು.

(ಕನ್ನಡಿಗರಿಗೆ ಬುಕಾನನ್ ಅಂದರೆ ನೆನಪಾಗುವವನು ಬೇರೆ: ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆ ಹಿಡಿದು ಮೈಸೂರು ಸೀಮೆ ಸುತ್ತಿ ಬೆಂಗಳೂರಿನ ನೇಕಾರರ ಬಗ್ಗೆಯೂ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್. ಅವನೂ ಸ್ಟರ್ಲಿಂಗ್‌ಗೆ ಹತ್ತಿರದ ಕ್ಯಾಲಂಡರ್ ಕಡೆಯವನೇ. ನಮ್ಮ ವರನಿಗೆ ಇದನ್ನು ಹೇಳಿದೆ. ಹುಡುಗಿಯ ಮನೆಯಲ್ಲಿ ಮಾತಾಡಲು ಒಂದು ವಿಷಯ ಸಿಕ್ಕಿತು ಅಂತ ಖುಷಿಪಟ್ಟ.)

ಈಗ ಸೀಳಿದ ಎರಡನೇ ತುಂಡನ್ನು ಅರ್ಧ ಸುತ್ತು ತಿರುಗಿಸಿ ನೋಡಿ. ಪಟ್ಟಿಗಳ ಸಾಲು ತಿರುವುಮುರುವು. ಮೊದಲ ತುಂಡಿನಲ್ಲಿ ಹಸಿರಿನ ಬಲಕ್ಕೆ ಹಳದಿ ಇದ್ದರೆ ಇಲ್ಲಿ ಹಸಿರಿನ ಎಡಕ್ಕೆ ಹಳದಿ. ಕೆಳಗಿನಿಂದ ಮೇಲಕ್ಕೂ ಹಾಗೆಯೇ. ಉಣ್ಣೆಯ ಟಾರ್ಟನ್‌ಗೆ ಒಳಮೈ ಹೊರಮೈ ಭೇದವಿಲ್ಲವಲ್ಲ, ತಿರುಗಿಸುವ ಬದಲು ಮಗುಚಿದರೆ? ಮಗುಚಿದರೆ ಎಡಬಲದ ಸಾಲು ಸರಿಹೋಗುತ್ತದೆ, ಮೇಲೆಕೆಳಗಿನದು ಆಗುವುದಿಲ್ಲ. ಜೊತೆಗೆ ಇನ್ನೊಂದು ಪೀಡೆ: ಟ್ವಿಲ್ ನೇಯ್ಗೆಯ ಓರೆ ಗೀರುಗಳು ದಿಕ್ಕು ಬದಲಿಸುತ್ತವೆ. ಒಂದು ಕಡೆ ಬಲಕ್ಕೆ ವಾಲಿದ ಗೀರು, ಪಕ್ಕದಲ್ಲಿ ಎಡಕ್ಕೆ ವಾಲಿದ್ದು. ಬೆಳಕು ಬಿದ್ದಾಗ ಒಂದೇ ಬಣ್ಣ ಎರಡು ಛಾಯೆಯಾಗಿ ಕಾಣುತ್ತದೆ. ಅರ್ಧ ಸುತ್ತು ತಿರುಗಿಸಿದರೆ ಮಾತ್ರ ಗೀರಿನ ದಿಕ್ಕು ಉಳಿಯುತ್ತದೆ, ಆದರೆ ಚೌಕುಳಿ ಕೆಡುತ್ತದೆ.

ಜೋಡಣೆ ಒಳಗೆ ಅಡಗಿದರೆ ಯಾರು ನೋಡುತ್ತಾರೆ ಅನ್ನುವ ವಾದ ಇಲ್ಲಿ ನಡೆಯದು. ಅಡಗುವುದು ಹೊಲಿಗೆ ಮಾತ್ರ. ಅದರ ಎಡಬಲದ ನೆರಿಗೆಗಳಲ್ಲಿ ಅಡ್ಡಗೆರೆಗಳು ಹೊಂದದೆ ಹಿಂಭಾಗದ ನಟ್ಟನಡುವೆ ಮುರಿದು ನಿಲ್ಲುತ್ತವೆ. ಕಿಲ್ಟ್‌ನ ಹಿಂಭಾಗವನ್ನೇ ಜನ ಹೆಚ್ಚು ನೋಡುವುದು.

ದೀಪದ ಕೆಳಗೆ ಅಂಚುಗಳು

ಚೌಕುಳಿಯ ಲೆಕ್ಕಕ್ಕೆ ಕೂರುವ ಮೊದಲು ಅಂಚುಗಳನ್ನೇ ಪರೀಕ್ಷಿಸಬೇಕಿತ್ತು. ನೇಯ್ದ ಅಂಚು ಇದೆ ಅಂದಮಾತ್ರಕ್ಕೆ ಅದು ಕಿಲ್ಟ್‌ಗೆ ಆಗುವ ಅಂಚು ಅಂತ ಅಲ್ಲ.

ಲಾಳಿ ಓಡುವ ಮಗ್ಗದಲ್ಲಿ ಹೊಕ್ಕು ನೂಲು ಒಂದೇ ಎಳೆ. ಈ ತುದಿಗೆ ಬಂದು ತಿರುಗಿ ಆ ತುದಿಗೆ ಹೋಗುತ್ತದೆ. ತಿರುಗಿದ ಜಾಗವೇ ಅಂಚು. ಚಪ್ಪಟೆ, ತೆಳು, ಗಟ್ಟಿ. ಇಂದಿನ ರೇಪಿಯರ್ ಮಗ್ಗಕ್ಕೆ ಲಾಳಿ ಇಲ್ಲ. ಪ್ರತಿ ಸಲ ಒಂದೊಂದು ಎಳೆ ಎಳೆದು ತುದಿಯಲ್ಲಿ ಕತ್ತರಿಸುತ್ತದೆ. ಕತ್ತರಿಸಿದ ಬಾಲಗಳನ್ನು ಏನು ಮಾಡುವುದು? ಒಂದು ದಾರಿ, ಅವನ್ನು ಹಾಗೇ ಬಿಟ್ಟು ಒಂದು ಜೋಡಿ ಸಣ್ಣ ದಾರದಿಂದ ಹಿಡಿದಿಡುವುದು. ಅಂಥ ಅಂಚು ಪೊರಕೆಯಂತೆ ನಿಲ್ಲುತ್ತದೆ, ಕಿಲ್ಟ್‌ನ ಕೆಳಗೆ ಸರ್ವಥಾ ಬೇಡ. ಇನ್ನೊಂದು ದಾರಿ, ಬಾಲವನ್ನು ಮಡಿಚಿ ಮುಂದಿನ ಎಳೆಯ ಜೊತೆಗೇ ಬಟ್ಟೆಯೊಳಗೆ ತೂರಿಸುವುದು. ಇದು ನೋಡಲು ನೀಟು, ಆದರೆ ತೂರಿಸಿದಷ್ಟು ಅಗಲಕ್ಕೆ ಹೊಕ್ಕು ನೂಲು ಇಮ್ಮಡಿ. ಗಿರಣಿಯವರು ಅಲ್ಲಿ ಹಾಸು ನೂಲನ್ನು ಸ್ವಲ್ಪ ವಿರಳ ಮಾಡಿ ಸರಿದೂಗಿಸದಿದ್ದರೆ ಆ ಪಟ್ಟಿ ದಪ್ಪಗಾಗಿ ಅಂಚು ಅಲೆಯಲೆಯಾಗುತ್ತದೆ.

ನಮ್ಮ ಬಟ್ಟೆ ಈ ಎರಡನೇ ಬಗೆಯದು. ಎರಡೂ ಅಂಚಿನಲ್ಲಿ ಸುಮಾರು ಅರ್ಧ ಇಂಚಿನ ಪಟ್ಟಿ ಬೆರಳಿಗೆ ಗಡುಸಾಗಿ ಸಿಗುತ್ತಿತ್ತು. ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿದರೆ ಒಂದು ಕಡೆಯ ಅಂಚು ಅಲ್ಲಲ್ಲಿ ಸಣ್ಣಗೆ ಉಬ್ಬುತ್ತಿತ್ತು. ಬೆಳಕಿಗೆ ಹಿಡಿದರೆ ಅಂಚಿನ ಒಳಬದಿಗೆ ಸೂಜಿಮೊನೆಯಷ್ಟು ತೂತುಗಳ ಸಾಲು: ಕೊನೆಯ ಹದದಲ್ಲಿ ಬಟ್ಟೆಯನ್ನು ಎಳೆದು ಹಿಡಿಯುವ ಯಂತ್ರದ ಪಿನ್ನುಗಳ ಗುರುತು. ಒದ್ದೆ ಬಟ್ಟೆ ಹಾಕಿ ಹಬೆ ಕೊಟ್ಟ ಮೇಲೆ ಹೆಚ್ಚಿನವು ಮುಚ್ಚಿಕೊಂಡವು.

ಇನ್ನೊಂದು ವಿಚಾರ ಜನ ನೋಡುವುದೇ ಇಲ್ಲ. ಅಂಚು ಚೌಕುಳಿಯ ಯಾವ ಜಾಗಕ್ಕೆ ಬಂದು ನಿಂತಿದೆ? ಮಡಿಚಿ ಹೊಲಿಯುವುದಾದರೆ ಮಡಿಕೆಯ ಗೆರೆ ನಮ್ಮಿಷ್ಟ. ನೇಯ್ದ ಅಂಚನ್ನೇ ಇಟ್ಟುಕೊಂಡರೆ ಗಿರಣಿಯವರು ಎಲ್ಲಿ ನಿಲ್ಲಿಸಿದರೋ ಅಲ್ಲೇ. ಇಲ್ಲಿ ಒಂದು ಅಂಚು ಅಗಲವಾದ ಹಸಿರಿನ ಒಳಗೆ ಬಂದು ನಿಂತಿತ್ತು, ಚೆನ್ನಾಗಿತ್ತು. ಇನ್ನೊಂದು ಕೆಂಪಿನಲ್ಲಿ, ಬಿಳಿ ಗೆರೆಯನ್ನು ದಾಟಿ ತುಸುವೇ ಆಚೆ. ಆ ಅಂಚು ಕೆಳಗೆ ಬಂದರೆ ಕಿಲ್ಟ್‌ಗೆ ಬಿಳಿ ಪೈಪಿಂಗ್ ಕೊಟ್ಟ ಹಾಗೆ ಕಾಣುತ್ತದೆ. ವರನ ಕಿಲ್ಟ್‌ಗೆ ಹಸಿರಂಚೇ ಅನ್ನುವುದು ಇಲ್ಲೇ ಖಾತ್ರಿಯಾಯಿತು.

ಮಡಿಚಿ ಹೊಲಿದರೆ ಆಗುವ ಲೆಕ್ಕ

ಚೌಕುಳಿಯ ಒಂದು ಸುತ್ತು, ಅಂದರೆ ಪಟ್ಟಿಗಳ ಸಾಲು ಮುಗಿದು ಮತ್ತೆ ಮೊದಲಿಂದ ಶುರುವಾಗುವ ತನಕದ ಅಳತೆ, ಈ ಬಟ್ಟೆಯಲ್ಲಿ 6.5 ಇಂಚು, ಬಳಸಬಹುದಾದ ಪನ್ನ 57 ಇಂಚು.

ತುಂಡುಗಳನ್ನು ತಿರುಗಿಸದೆ, ಎರಡಕ್ಕೂ ಕೆಳಗೆ ಮಡಿಕೆ ಕೊಟ್ಟು 8 ಗಜದ ಕಿಲ್ಟ್ ಮಾಡಲು ಸಾಧ್ಯವೇ? ಸಾಧ್ಯ, ಅಷ್ಟೂ ಸಲೀಸಾಗಿ. ಕಿಲ್ಟ್‌ನ ಉದ್ದ 23.5, ಮಡಿಕೆಗೆ 1.25, ಮೇಲೆ ಸೊಂಟಪಟ್ಟಿಗೆ ಅರ್ಧ: ಒಟ್ಟು 25.25 ಇಂಚು. ಮೊದಲ ತುಂಡು ಕೆಳ ಅಂಚಿನಿಂದ ಅಷ್ಟು ತೆಗೆದುಕೊಳ್ಳುತ್ತದೆ. ಎರಡನೆಯದರ ಅಡ್ಡಗೆರೆಗಳು ಮೊದಲನೆಯದಕ್ಕೆ ಹೊಂದಬೇಕಾದರೆ ಅದು ಸರಿಯಾಗಿ ಪೂರ್ಣ ಸುತ್ತುಗಳ ದೂರದಲ್ಲಿ ಶುರುವಾಗಬೇಕು. ನಾಲ್ಕು ಸುತ್ತಿಗೆ 26 ಇಂಚು. ಅಲ್ಲಿಂದ 25.25 ಸೇರಿಸಿದರೆ 51.25. ಇನ್ನೂ 5 ಇಂಚಿಗಿಂತ ಹೆಚ್ಚು ಉಳಿಯಿತು, ಅದರಲ್ಲೇ ಸೊಂಟಪಟ್ಟಿ ಬರುತ್ತದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಕತ್ತರಿಕೆ ಇಲ್ಲ. ಹುಡುಗ ಚಿಕ್ಕವನಾಗಿದ್ದದ್ದಕ್ಕೆ ಇದು ಹೊಂದಿತು, ಆರಡಿ ಆಳಾಗಿದ್ದರೆ ಇಲ್ಲ.

ಆದರೂ ಬೇಡ ಅಂದೆ. ಕಾರಣ ಪದರಗಳು. ಈಗ ಎಲ್ಲರೂ ತೊಡುವ ನೈಫ್ ಪ್ಲೀಟ್ ಕಿಲ್ಟ್‌ನಲ್ಲಿ ಎಲ್ಲ ನೆರಿಗೆಯೂ ಒಂದೇ ಕಡೆಗೆ ಮಲಗಿ ಒಂದರ ಮೇಲೊಂದು ಏರಿರುತ್ತವೆ. ಈ ಅಳತೆಗೆ 27 ನೆರಿಗೆ, ಹೊರಗೆ ಕಾಣುವುದು ಒಂದೊಂದು ಮುಕ್ಕಾಲು ಇಂಚು, ಆದರೆ ಪ್ರತಿ ನೆರಿಗೆ ನುಂಗುವುದು 6.5 ಇಂಚು ಬಟ್ಟೆ. ಭಾಗಿಸಿದರೆ ಹಿಂಭಾಗದ ಯಾವ ಜಾಗದಲ್ಲಿ ಬೆರಳಿಟ್ಟರೂ ಸರಾಸರಿ ಎಂಟು-ಒಂಬತ್ತು ಪದರ. ಕೆಳಗೆ ಒಂದು ಮಡಿಕೆ ಬಂದರೆ ಅಲ್ಲಿ ಹದಿನೇಳು. 16 ಔನ್ಸ್ ಉಣ್ಣೆ ಹದಿನೇಳು ಪದರ! ಮೇಲೆ ಒಂದು ದಪ್ಪ, ಕೆಳಗೆ ಅದರ ಇಮ್ಮಡಿ. ಎಷ್ಟೇ ಇಸ್ತ್ರಿ ತಿಕ್ಕಿದರೂ ನೆರಿಗೆಗಳು ಕೆಳಗೆ ಬಾಯಿ ತೆರೆದುಕೊಂಡು ನಿಲ್ಲುತ್ತವೆ. ಕಿಲ್ಟ್ ಹೊಲಿಯುವವರು ಮಡಿಕೆ ಬೇಡ ಅನ್ನುವುದು ಸಂಪ್ರದಾಯದ ಹಟ ಅಂತ ಅನೇಕರ ಎಣಿಕೆ. ನಿಜಕ್ಕೂ ಅದು ಈ ಗುಣಾಕಾರದ ಮಾತು. ಕ್ಯಾಶುಯಲ್ ಆಗಿ ತೊಡುವ ಹತ್ತಿ ಬಟ್ಟೆಯ ಕಿಲ್ಟ್‌ಗಳಿಗೆ ಮಡಿಚಿಯೇ ಹೊಲಿಯುತ್ತಾರೆ. ನೆರಿಗೆ ಕಡಿಮೆ, ಬಟ್ಟೆ ತೆಳು, ಯಾರಿಗೂ ತೊಂದರೆಯಿಲ್ಲ.

ಫಾಲ್ಸ್ ಹಾಕಿದರೆ ಆಗಲ್ವಾ?

ಲೆಕ್ಕ ಒಪ್ಪಿಸಿದ ಮೇಲೂ ಹುಡುಗನಿಗೆ 8 ಗಜದ ಆಸೆ ಬಿಡಲಿಲ್ಲ. ಅವನ ತಾಯಿ ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಗೆ, ಫಾಲ್ಸ್-ಪಿಕೋ ಮಾಡುವವರು. ಫೋನಿನಲ್ಲಿ ಬಟ್ಟೆ ನೋಡಿ ಮಗನ ಬಾಯಲ್ಲಿ ಒಂದು ಪ್ರಶ್ನೆ ಕಳಿಸಿದರು. "ಅಕ್ಕ, ನಮ್ಮಮ್ಮ ಕೇಳ್ತಾ ಅದಾರೆ, ಸೀರೆಗೆ ಫಾಲ್ಸ್ ಹಾಕ್ದಂಗೆ ಒಳಗೊಂದು ತೆಳು ಪಟ್ಟಿ ಕೊಟ್ಟು ಹೊಲದ್ರೆ ಆಗಲ್ವಾ ಅಂತ. ಉಣ್ಣೆ ಎರಡು ಪದರ ಆಗದಿಲ್ಲ."

ತಳ್ಳಿಹಾಕುವ ಪ್ರಶ್ನೆಯಲ್ಲ. ಮಡಿಚುವ ಉಣ್ಣೆಯ ಬದಲು ಕಾಲಿಂಚು ಮಾತ್ರ ಒಳಗೆ ತಿರುಗಿಸಿ ಮೇಲೆ ತೆಳುವಾದ ಹತ್ತಿ ಪಟ್ಟಿ ಕೂರಿಸಿದರೆ ದಪ್ಪ ನಿಜಕ್ಕೂ ಕಡಿಮೆ. ಹಸಿರಂಚಿನ ತುಂಡಿನ ತುದಿಯಲ್ಲಿ ಕಿಲ್ಟ್‌ಗೆ ಬೇಡವಾದ ಬಟ್ಟೆ ಇತ್ತು. ಅದರಲ್ಲಿ ಮಾದರಿಗಳನ್ನು ಮಾಡಿದೆ, ಪ್ರತಿಯೊಂದಕ್ಕೂ ಕೆಲವು ನೆರಿಗೆ ಹಿಡಿದು, ಕಚ್ಚಾ ಹೊಲಿಗೆ ಹಾಕಿ, ಒದ್ದೆ ಬಟ್ಟೆ ಮೇಲೆ ಇಸ್ತ್ರಿ ಒತ್ತಿ, ಪೂರ್ತಿ ಆರಲು ಬಿಟ್ಟು.

ಎರಡು ಸಲ ಮಡಿಚಿ ಹೊಲಿದದ್ದು, ಅಂದರೆ ಪ್ಯಾಂಟಿಗೆ ಹಾಕುವ ಬಗೆಯದು, ಮೊದಲೇ ಸೋತಿತು. ಒಳಗಿನ ಮಡಿಕೆಯ ಏಣು ಹೊರಮೈಗೆ ಒತ್ತಿ ಗೆರೆಯಾಗಿ ಹೊಳೆಯುತ್ತಿತ್ತು. ಒಂದೇ ಮಡಿಕೆ, ಕತ್ತರಿಸಿದ ಅಂಚಿಗೆ ಕೈಯಿಂದಲೇ ಸುತ್ತುಹೊಲಿಗೆ, ಮೇಲೆ ಬಟ್ಟೆಯ ಅರ್ಧ ದಪ್ಪವನ್ನಷ್ಟೇ ಹಿಡಿಯುವ ಕಾಣದ ಹೊಲಿಗೆ: ಇದು ಒಂಟಿ ನೆರಿಗೆಯಲ್ಲಿ ಬಹಳ ಚೆನ್ನಾಗಿ ಕೂತಿತು, ಒಂದರ ಮೇಲೊಂದು ಬಂದಾಗ ಕೆಳಗೆ ಬಿರಿಯಿತು. ಓವರ್‌ಲಾಕ್ ಮಾಡಿದ ಅಂಚಿನ ದಾರಗಳೇ ಒಂದು ಗೀಟು ಮೂಡಿಸಿದವು. ಹತ್ತಿ ಪಟ್ಟಿಯದು ಒಣಗಿದಾಗ ಸಾಲಾಗಿ ಸಣ್ಣ ಸುಕ್ಕು. ಹಬೆಗೆ ಉಣ್ಣೆ ಒಂದು ಬಗೆ, ಹತ್ತಿ ಇನ್ನೊಂದು ಬಗೆ ನಡೆದುಕೊಳ್ಳುತ್ತದೆ. ಪಟ್ಟಿಯನ್ನು ಮೊದಲೇ ನೆನೆಸಿ ಒಣಗಿಸಿದರೆ ಇದು ತಗ್ಗುತ್ತದೆ, ಆದರೆ ಕಿಲ್ಟ್‌ಗೆ ಜೀವನಪೂರ್ತಿ ಹಬೆ ತಪ್ಪಿದ್ದಲ್ಲ.

ಅವನ ತಾಯಿಗೆ ಫೋಟೋ ಕಳಿಸಿದೆ. ಅವರೇ ಹೇಳಿದರು, "ಸೀರೆ ಹಗುರ ತಾಯಿ, ಕೆಳಗೆ ಭಾರ ಬೇಕು ಅಂತ ಫಾಲ್ಸ್ ಹಾಕ್ತೀವಿ. ಇದಕ್ಕೆ ಅದರದ್ದೇ ಭಾರ ಐತೆ." ಇಷ್ಟು ಚೊಕ್ಕವಾಗಿ ನನಗೆ ಹೇಳಲು ಬಂದಿರಲಿಲ್ಲ.

ತೂರಿಸಿದ ನೇಯ್ದ ಅಂಚಿನ ಮಾದರಿಯೂ ನಿರ್ದೋಷಿಯಲ್ಲ. ಮೂರು ಪದರ ಇರುವಲ್ಲಿ ಅದರ ದಪ್ಪ ಕೈಗೆ ಮಾತ್ರ ತಿಳಿಯುತ್ತಿತ್ತು, ಕಣ್ಣಿಗೆ ಇಲ್ಲ. ನೆರಿಗೆ ಒತ್ತಾಗಿ ಏರಿದಲ್ಲಿ ಕಣ್ಣಿಗೂ ಕಂಡಿತು. ಹಾಗಾದರೆ ಕೇಳಬೇಕಾದ ಪ್ರಶ್ನೆ ಅಂಚಿನದಲ್ಲ, ನೆರಿಗೆಯದು: ಮೂರೇ ಪದರದಲ್ಲಿ ಮುಗಿಯುವ ಕಿಲ್ಟ್ ಯಾವುದು?

ಬಾಕ್ಸ್ ಪ್ಲೀಟ್ ಮತ್ತು ಸೋದರಮಾವ

ಅಂಥದ್ದು ಇದೆ, ಮತ್ತು ಅದು ಹಳೆಯದು. 18ನೇ ಶತಮಾನದ ಕೊನೆಯ ಹೊಲಿದ ಕಿಲ್ಟ್‌ಗಳು ಸುಮಾರು 4 ಗಜದವು, ಅಗಲ ಬಾಕ್ಸ್ ಪ್ಲೀಟ್‌ನವು, ಅಂದರೆ ಎರಡೂ ಬದಿಯ ಬಟ್ಟೆ ಹಿಂದಕ್ಕೆ ಮಡಿಚಿ ಪೆಟ್ಟಿಗೆಯಂತೆ ಕೂರುವ ನೆರಿಗೆಯವು. ಒತ್ತೊತ್ತಾದ ನೈಫ್ ಪ್ಲೀಟ್ ಬಂದದ್ದು ಆಮೇಲೆ. ಗಾರ್ಡನ್ ಹೈಲ್ಯಾಂಡರ್ಸ್ ಪಡೆ ಅದನ್ನು ತೆಗೆದುಕೊಂಡದ್ದು 1853ರಲ್ಲಿ. 8 ಗಜ ಇದ್ದರೇ ಕಿಲ್ಟ್ ಅನ್ನುವ ಮಾತು ಅಷ್ಟೇನೂ ಪುರಾತನವಲ್ಲ.

ಲೆಕ್ಕವೂ ತಾನಾಗಿ ಬಂದು ಕೂತಿತು. ಬಾಕ್ಸ್ ಪ್ಲೀಟ್‌ನಲ್ಲಿ ಪೆಟ್ಟಿಗೆಯೊಂದು ಹೊರಗೆ ಕಾಣುವುದರ ಮೂರು ಪಟ್ಟು ಬಟ್ಟೆ ಬೇಡುತ್ತದೆ. ಒಂದು ಸುತ್ತು 6.5 ಇಂಚು ಅಂದರೆ ಕಾಣುವ ಭಾಗ 2.25 ಇಂಚಿನ ಆಸುಪಾಸು. ಒಂಬತ್ತು ಪೆಟ್ಟಿಗೆಗೆ 20.25 ಇಂಚು, ಮುಂದಿನ ಏಪ್ರನ್ 19.5, ಕೂಡಿದರೆ 40ಕ್ಕೆ ಕೂದಲೆಳೆ ಕಡಿಮೆ. ಪ್ರತಿ ಪೆಟ್ಟಿಗೆಯ ನಡುವೆ ಒಂದೇ ಪಟ್ಟಿ ಬರುವಂತೆ ಹಿಡಿದರೆ, ಚೌಕುಳಿ ಒಂದೇ ಕಡೆಗೆ ಓಡುವುದು ಹಿಂದುಗಡೆ ಗಮನಕ್ಕೇ ಬರುವುದಿಲ್ಲ. ಸೈನ್ಯದ ಕಿಲ್ಟ್‌ಗಳಲ್ಲಿ ಹೀಗೆ ಪಟ್ಟಿ ಹಿಡಿದು ನೆರಿಗೆ ಹಾಕುವುದು ವಾಡಿಕೆ. ನೆರಿಗೆಗೆ 58.5 ಇಂಚು, ಎರಡು ಏಪ್ರನ್, ಎರಡೂ ಪಕ್ಕದ ಆಳವಾದ ಒಳನೆರಿಗೆ, ಅಂಚು ತಿರುಗಿಸಲು ಬಿಟ್ಟದ್ದು ಎಲ್ಲ ಸೇರಿ 116.5 ಇಂಚು. ಮೂರೂಕಾಲು ಗಜಕ್ಕೆ ಮುಗಿಯಿತು. ಹಸಿರಂಚಿನ ತುಂಡೊಂದೇ ಸಾಕು. ಸೀಳಿದ ತುಂಡುಗಳನ್ನು ಜೋಡಿಸುವುದೇ ಇಲ್ಲ ಅಂದಮೇಲೆ ತಿರುಗಿಸುವ, ಮಗುಚುವ ರಗಳೆಯೂ ಇಲ್ಲ.

ಒಪ್ಪಿಸಬೇಕಾದವರು ಸೋದರಮಾವ. ತಮ್ಮ ಕಾಲದ ನೈಫ್ ಪ್ಲೀಟ್ ಕಿಲ್ಟ್ ಅನ್ನೇ ಇನ್ನೂ ತೊಡುವ ಮನುಷ್ಯ, ಬಾಕ್ಸ್ ಪ್ಲೀಟ್ ಅಂದರೆ ಬಟ್ಟೆ ಉಳಿಸುವ ಉಪಾಯ ಅನ್ನುವ ಗುಮಾನಿ ಅವರಿಗೆ. ನಾನು ವಾದ ಮಾಡಲಿಲ್ಲ. ಮಡಿಚಿ ಹೊಲಿದ ಮಾದರಿ ಮತ್ತು ನೇಯ್ದ ಅಂಚಿನ ಬಾಕ್ಸ್ ಪ್ಲೀಟ್ ಮಾದರಿ ಎರಡನ್ನೂ ಮೇಜಿನ ಅಂಚಿನಿಂದ ಇಳಿಬಿಟ್ಟು ಪಕ್ಕಪಕ್ಕ ತೋರಿಸಿದೆ. ಅವರು ಬೆರಳಿನಿಂದ ಕೆಳಗನ್ನು ಒಂದೆರಡು ಸಲ ತಟ್ಟಿ, ಮಡಿಚಿದ್ದು ಬೇಡ ಅಂದರು. ಕುಣಿತದಲ್ಲಿ 8 ಗಜದಷ್ಟು ಬೀಸು ಇದಕ್ಕೆ ಬರುವುದಿಲ್ಲ ಅನ್ನುವ ಅವರ ಆಕ್ಷೇಪಣೆ ಮಾತ್ರ ಖರೆ. ಅದನ್ನು ವರನಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆದೆ.

ಹೊಲಿಗೆಯಲ್ಲಿ ಅಂಚು

ನೇಯ್ದ ಅಂಚು ಕೆಳಗಿದ್ದರೆ ಉದ್ದ ಸರಿಪಡಿಸಲು ಕೆಳಗೆ ಕತ್ತರಿ ಹಾಕುವಂತಿಲ್ಲ. ಹೆಚ್ಚುಕಡಿಮೆ ಎಲ್ಲ ಮೇಲೆ, ಸೊಂಟದ ಕಡೆ. ಆದ್ದರಿಂದ ಮೊದಲು ಕೆಳ ಅಂಚನ್ನು ಮೇಜಿನ ಅಂಚಿಗೆ ಸಮಕ್ಕೆ ಹಾಸಿ, ನೆರಿಗೆಗಳನ್ನು ಅಲ್ಲಿಂದ ಮೇಲಕ್ಕೆ ಹಿಡಿದೆ. ಸೊಂಟದ ಬಳಿ ಪ್ರತಿ ಪೆಟ್ಟಿಗೆ 2.25ರಿಂದ 1.9 ಇಂಚಿಗೆ ಕಿರಿದಾಗಬೇಕು. ಕಿರಿದಾಗಿಸುವಾಗ ನೆರಿಗೆ ಒಂದು ನೂಲಿನಷ್ಟು ವಾಲಿದರೂ ಕೆಳಗೆ ಅಂಚುಗಳು ಮೆಟ್ಟಿಲಾಗುತ್ತವೆ. ಮಡಿಕೆ ಇದ್ದಿದ್ದರೆ ಅದರಲ್ಲಿ ನುಂಗಿಹೋಗುತ್ತಿತ್ತು, ಇಲ್ಲಿ ಎಲ್ಲವೂ ಬಯಲು. ಅಂಚಿನಿಂದ ಒಂದಿಂಚು ಮೇಲೆ ಒಂದು ಸಾಲು ಕಚ್ಚಾ ಹೊಲಿಗೆ ಹಾಕಿ, ಕಡೆಯ ಇಸ್ತ್ರಿ ಆಗುವ ತನಕ ಅದನ್ನು ಬಿಚ್ಚಲಿಲ್ಲ.

ಅಲ್ಲಲ್ಲಿ ಉಬ್ಬಿದ್ದ ಜಾಗಕ್ಕೆ ಸಣ್ಣ ಟಾಕಿನ ದಾರ ಓಡಿಸಿ, ಮೆತ್ತಗೆ ಎಳೆದು ಉಬ್ಬನ್ನು ಕೂಡಿಸಿ, ಮೇಲೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಯನ್ನು ಉಜ್ಜದೆ ಒತ್ತಿ ಎತ್ತಿದೆ. ಉಣ್ಣೆ ಹಬೆಗೆ ಕುಗ್ಗಿ ಕೂರುತ್ತದೆ, ಹತ್ತಿಯಾಗಿದ್ದರೆ ಮಾತು ಕೇಳುತ್ತಿರಲಿಲ್ಲ. ಉಜ್ಜಿದರೆ ಅಂಚು ಹಿಗ್ಗಿ ಇನ್ನಷ್ಟು ಅಲೆ.

ಒಳ ಏಪ್ರನ್‌ನ ಮೂಲೆ ಹೊರಗಿನದಕ್ಕಿಂತ ಕೆಳಗೆ ಇಣುಕುವುದು ಹೊಸ ಕಿಲ್ಟ್‌ಗಳಲ್ಲಿ ಸಾಮಾನ್ಯ. ಅದನ್ನು ಸೊಂಟದ ಕಡೆ ಕಾಲಿಂಚು ಮೇಲೆತ್ತಿ ಕೂರಿಸಿದೆ. ಪಕ್ಕದ ಆಳವಾದ ಒಳನೆರಿಗೆಗೂ ಅಷ್ಟೇ.

ಮೇಲಿನ ಏಪ್ರನ್‌ನ ಬಲ ಅಂಚು ಬೇರೆಯೇ ಕತೆ. ಅದು ಬಟ್ಟೆಯ ತುದಿ, ಅಲ್ಲಿ ನೇಯ್ದ ಅಂಚು ಇರುವುದೇ ಇಲ್ಲ. ಅದಕ್ಕೆ ರೂಢಿ ಎಂದರೆ ಕುಚ್ಚು ಬಿಡುವುದು: ಮೇಲಿನಿಂದ ಕೆಳಕ್ಕೆ ಇಳಿಯುವ ಹೊಕ್ಕು ನೂಲುಗಳನ್ನು ಸೂಜಿಯಿಂದ ಒಂದೊಂದಾಗಿ ಎಳೆದು ತೆಗೆದರೆ ಅಡ್ಡ ಹಾಸು ನೂಲುಗಳು ಸಾಲಾಗಿ ಉಳಿಯುತ್ತವೆ. ಅರ್ಧ ಇಂಚು ಮೀರಿದರೆ ಜೋತುಬೀಳುತ್ತವೆ. ಒಂದೇ ಸಾಲು ಬಡಕಲಾಗಿ ಕಾಣುತ್ತಿದ್ದುದರಿಂದ ಮಾದರಿಯಿಂದ ಉಳಿದ ಬಟ್ಟೆಯಲ್ಲಿ ಇನ್ನೊಂದು ಕುಚ್ಚಿನ ಪಟ್ಟಿ ಮಾಡಿ, ಚೌಕುಳಿಯ ಅಡ್ಡಗೆರೆ ಹೊಂದಿಸಿ, ಹಿಂದೆ ಹೊಲಿದೆ. ಈ ಕುಚ್ಚು ಕೆಳ ಅಂಚನ್ನು ಸೇರುವ ಮೂಲೆಯಲ್ಲಿ ತೂರಿಸಿದ ಬಾಲಗಳ ಪಟ್ಟಿ ಅಡ್ಡ ಬರುತ್ತದೆ. ಅಲ್ಲಿ ಎಳೆಗಳು ಸುಲಭಕ್ಕೆ ಜಾರುವುದಿಲ್ಲ. ಆ ಅರ್ಧ ಇಂಚಿಗೆ ಹಿಡಿದ ಹೊತ್ತಿನಲ್ಲಿ ಉಳಿದ ಇಡೀ ಕುಚ್ಚು ಮುಗಿಸಬಹುದಿತ್ತು.

ಮೊಣಕಾಲೂರಿ ಕೂತಾಗ ಅಂಚು ನೆಲ ತಾಕದೆ ಒಂದಿಂಚಿನಷ್ಟು ಮೇಲೆ ನಿಂತಿತು. ಬೇಕಾದದ್ದು ಅದೇ.

ಉಳಿದ ತುಂಡು

ಮದುವೆ, ಕುಣಿತ, ಒಂದು ಡ್ರೈಕ್ಲೀನ್ ಆದ ಮೇಲೆ ಕಿಲ್ಟ್ ಮತ್ತೆ ನೋಡಲು ಸಿಕ್ಕಿತು. ಹಸಿರಂಚು ಚಪ್ಪಟೆಯಾಗೇ ಇತ್ತು. ಉಬ್ಬು ಕೂಡಿಸಿದ ಜಾಗಗಳಲ್ಲಿ ಒಂದು ಸ್ವಲ್ಪ ಎದ್ದಿತ್ತು, ಹಬೆ ಕೊಟ್ಟೆ, ಕೂತಿತು. ಪೆಟ್ಟಿಗೆಗಳು ಬಾಯಿ ಬಿಟ್ಟಿರಲಿಲ್ಲ.

ಕೆಂಪಂಚಿನ ತುಂಡು ಹಾಗೇ ಪೂರ್ತಿ 4 ಗಜ ಉಳಿದಿದೆ. ಅದೊಂದೇ ಪ್ರತ್ಯೇಕ ಕಿಲ್ಟ್ ಆದರೆ ಅರ್ಧ ಸುತ್ತು ತಿರುಗಿಸಿಕೊಳ್ಳಲು ಅಡ್ಡಿಯಿಲ್ಲ, ಹೊಂದಿಸಬೇಕಾದ ಇನ್ನೊಂದು ಭಾಗವೇ ಅದರಲ್ಲಿ ಇಲ್ಲ. ಅದು ಹುಡುಗಿಯ ತಮ್ಮನಿಗೆ ಅಂತ ಸೋದರಮಾವ ತೀರ್ಮಾನಿಸಿದ್ದಾರೆ. ಅವನಿಗಿನ್ನೂ ಹದಿಮೂರು, ಬೆಳೆಯುವ ವಯಸ್ಸು.

ಅವನ ಕಿಲ್ಟ್‌ಗೆ ಮಡಿಚಿಯೇ ಹೊಲಿಯುತ್ತೇನೆ. ಎರಡು ಇಂಚಿನ ಒಂದೇ ಮಡಿಕೆ, ಬಾಕ್ಸ್ ಪ್ಲೀಟ್ ಆದ್ದರಿಂದ ಕೆಳಗೆ ಆರು ಪದರ. ಹುಡುಗರ ಕಿಲ್ಟ್‌ಗೆ ಅಷ್ಟು ಸಹಿಸಿಕೊಳ್ಳಬಹುದು. ಮಡಿಕೆಯ ಗೆರೆ ಎರಡು ಇಂಚು ಮೇಲೆ ಹೋಗುವುದರಿಂದ ಆ ಬಿಳಿ ಗೆರೆಯೂ ಒಳಗೆ ಅಡಗುತ್ತದೆ. ನೇಯ್ದ ಅಂಚನ್ನು ಕತ್ತರಿಸದೆ ಮಡಿಕೆಯ ಒಳತುದಿಗೇ ಬಿಡುತ್ತೇನೆ. ಸುತ್ತುಹೊಲಿಗೆ ಬೇಡ, ಓವರ್‌ಲಾಕ್ ಬೇಡ. ವರ್ಷ ವರ್ಷಕ್ಕೆ ಅರ್ಧರ್ಧ ಇಂಚು ಇಳಿಸಬಹುದು. ಬೆಳವಣಿಗೆ ನಿಂತ ಮೇಲೆ ಉಳಿದದ್ದನ್ನೂ ಬಿಚ್ಚಿ, ಹಳೆಯ ಮಡಿಕೆಯ ಗೀಟಿನ ಮೇಲೆ ಹಬೆ ಕೊಟ್ಟರೆ ಕೆಂಪಂಚೇ ಕೆಳಗೆ ಬರುತ್ತದೆ. ಆಗ ಬಿಳಿ ಗೆರೆಯೂ ಹೊರಬೀಳುತ್ತದೆ. ಅಷ್ಟು ಹೊತ್ತಿಗೆ ಅದನ್ನು ಇಟ್ಟುಕೊಳ್ಳುವುದೋ, ಕಾಲಿಂಚು ಮತ್ತೆ ಮಡಿಚುವುದೋ ಅವನೇ ಹೇಳಲಿ.